ಮನೆಮಂದಿಯ ವಿಡಿಯೋ ಕ್ಯಾಮೆರಾ: ಅಳೆದದ್ದು ಎಷ್ಟು, ಉಳಿದದ್ದು ಎಷ್ಟು?

ಬೀರುವಿನ ಕೆಳಗಿನ ಖಾನೆಯಲ್ಲೋ ಅಟ್ಟದ ಮೇಲಿನ ಟ್ರಂಕಿನಲ್ಲೋ ಒಂದು ಕಪ್ಪು ಕ್ಯಾಸೆಟ್ ಬಿದ್ದಿರುತ್ತದೆ. ಅದರ ಬೆನ್ನಿಗೆ ಅಂಟಿಸಿದ ಚೀಟಿಯ ಮೇಲೆ ವಧೂವರರ ಹೆಸರು, ಮದುವೆಯ ತಾರೀಖು. ಒಳಗೇನಿದೆ ಎಂಬುದು ಮನೆಯವರಿಗೆಲ್ಲ ಗೊತ್ತು. ಧಾರೆಯ ಮಂಟಪ, ಊಟದ ಪಂಕ್ತಿ, ಕ್ಯಾಮೆರಾದ ದೀಪಕ್ಕೆ ಕಣ್ಣು ಕಿರಿದಾಗಿಸಿ ಕುಳಿತ ಅಜ್ಜ. ಅಜ್ಜ ಈಗಿಲ್ಲ. ಅವರ ನಡಿಗೆ, ಅವರ ದನಿ ಉಳಿದಿರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಆದರೆ ನೋಡುವುದು ಹೇಗೆ? ವಿ.ಸಿ.ಆರ್. ಕೆಟ್ಟು ಗುಜರಿಗೆ ಹೋಗಿ ಎಷ್ಟೋ ವರ್ಷಗಳಾದವು.

ವಿಚಿತ್ರವೆಂದರೆ, ಅಂಥ ಕ್ಯಾಸೆಟ್ಟಿನಲ್ಲಿ ಚಿತ್ರ ಮೂಡಿಸಿದ ಕ್ಯಾಮೆರಾವನ್ನು ಕೊಳ್ಳುವಾಗ ಯಾರೋ ಒಬ್ಬರು ಬಹಳ ಲೆಕ್ಕ ಹಾಕಿರುತ್ತಾರೆ. ತೂಕ ಎಷ್ಟು, ಜೂಮ್ ಎಷ್ಟು, ಎಷ್ಟು ಕಡಿಮೆ ಬೆಳಕಿನಲ್ಲಿ ಚಿತ್ರ ಬರುತ್ತದೆ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಕೊಟ್ಟ ಹಣಕ್ಕೆ ಸರಿಯಾದ ಮಾಲು ಯಾವುದು? ಸುಮಾರು 25 ವರ್ಷಗಳ ಕಾಲ ಜಗತ್ತಿನ ಕೋಟ್ಯಂತರ ಜನ ಈ ಪ್ರಶ್ನೆಗಳನ್ನು ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಕೇಳಿದರು. ಕೇಳದೆ ಉಳಿದ ಪ್ರಶ್ನೆ ಒಂದೇ: ಈ ಚಿತ್ರ ಎಷ್ಟು ಕಾಲ ಉಳಿಯುತ್ತದೆ?

ಫಿಲ್ಮಿನಿಂದ ಟೇಪಿಗೆ

ಮನೆಯವರೇ ಚಲನಚಿತ್ರ ತೆಗೆಯುವ ಹವ್ಯಾಸ ವಿಡಿಯೋದಿಂದ ಆರಂಭವಾದದ್ದಲ್ಲ. ಅಮೆರಿಕದ ಕೊಡಾಕ್ ಕಂಪನಿ 1932ರಲ್ಲೇ 8 ಮಿ.ಮೀ. ಅಗಲದ ಫಿಲ್ಮನ್ನು ಹವ್ಯಾಸಿಗಳಿಗೆಂದು ತಂದಿತ್ತು. 1965ರಲ್ಲಿ ಅದೇ ಕಂಪನಿಯ ‘ಸೂಪರ್ 8’ ಬಂತು. ಫಿಲ್ಮನ್ನು ಕತ್ತಲಲ್ಲಿ ಪೋಣಿಸುವ ಕಷ್ಟವಿಲ್ಲ, ಪ್ಲಾಸ್ಟಿಕ್ ಡಬ್ಬಿಯನ್ನು ಕ್ಯಾಮೆರಾದೊಳಗೆ ತುರುಕಿದರೆ ಮುಗಿಯಿತು. ಆದರೆ ಒಂದು ಡಬ್ಬಿಯಲ್ಲಿದ್ದ 50 ಅಡಿ ಫಿಲ್ಮು ಸೆಕೆಂಡಿಗೆ 18 ಚಿತ್ರಗಳಂತೆ ಓಡಿದರೆ 3 ನಿಮಿಷ 20 ಸೆಕೆಂಡಿನಲ್ಲಿ ಖಾಲಿ! ಆಮೇಲೆ ಅದನ್ನು ಸಂಸ್ಕರಣೆಗೆ ಕಳಿಸಿ ಕಾಯಬೇಕು. ಮಗುವಿನ ಮೊದಲ ಹೆಜ್ಜೆ ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ತಿಳಿಯುವಷ್ಟರಲ್ಲಿ ಮಗು ಓಡಲು ಕಲಿತಿರುತ್ತಿತ್ತು.

ವಿಡಿಯೋ ಟೇಪು ಈ ಎರಡೂ ಕಷ್ಟಗಳನ್ನು ನಿವಾರಿಸಿತು. ಟೇಪಿನ ಮೇಲೆ ಲೇಪಿಸಿದ ಅಯಸ್ಕಾಂತೀಯ ಕಣಗಳಲ್ಲಿ ಚಿತ್ರವೂ ಧ್ವನಿಯೂ ಒಟ್ಟಿಗೇ ದಾಖಲಾಗುತ್ತವೆ. ತೆಗೆದ ಮರುಗಳಿಗೆಯೇ ನೋಡಬಹುದು, ಬೇಡವಾದರೆ ಅಳಿಸಬಹುದು. ಸೋನಿ ಕಂಪನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆ.ವಿ.ಸಿ. ಕಂಪನಿಯ ವಿ.ಎಚ್.ಎಸ್. 1976ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದವು. ಆದರೆ ಇವು ಟಿ.ವಿ. ಪಕ್ಕದಲ್ಲಿ ಕೂರುವ ಯಂತ್ರಗಳು. ಹೊರಗೆ ಚಿತ್ರ ತೆಗೆಯಬೇಕಾದರೆ ಕೈಯಲ್ಲಿ ಕ್ಯಾಮೆರಾ, ಹೆಗಲಿಗೆ ನೇತುಹಾಕಿದ ರೆಕಾರ್ಡರು, ನಡುವೆ ದಪ್ಪ ತಂತಿ. ಮೂಗಿಗಿಂತ ಮೂಗುತಿ ಭಾರ ಎಂಬಂತೆ ಕ್ಯಾಮೆರಾಕ್ಕಿಂತ ರೆಕಾರ್ಡರೇ ಭಾರ.

ಎರಡನ್ನೂ ಒಂದೇ ಡಬ್ಬಿಯಲ್ಲಿ ಕೂಡಿಸಿದ ಗೃಹಬಳಕೆಯ ಮೊದಲ ಯಂತ್ರ 1983ರಲ್ಲಿ ಸೋನಿ ತಂದ ‘ಬೀಟಾಮೂವಿ’. ‘ಕ್ಯಾಮ್‌ಕಾರ್ಡರ್’ ಎಂಬ ಹೆಸರು ಬಳಕೆಗೆ ಬಂದದ್ದು ಇಂಥ ಯಂತ್ರಗಳಿಂದ. ಸುಮಾರು ಎರಡೂವರೆ ಕೆ.ಜಿ. ತೂಕದ ಅದನ್ನು ಹೆಗಲ ಮೇಲಿಟ್ಟು ಮೂರು ಗಂಟೆಗೂ ಹೆಚ್ಚು ಕಾಲ ಚಿತ್ರೀಕರಿಸಬಹುದಿತ್ತು. ಆದರೆ ತೆಗೆದದ್ದನ್ನು ಅದರಲ್ಲೇ ನೋಡುವ ಸೌಲಭ್ಯ ಇರಲಿಲ್ಲ. ಕ್ಯಾಸೆಟ್ಟನ್ನು ಹೊರತೆಗೆದು ಮನೆಯ ಬೀಟಾಮ್ಯಾಕ್ಸ್ ಯಂತ್ರಕ್ಕೆ ಹಾಕಬೇಕು. ಆ ಹೊತ್ತಿಗೆ ಬೀಟಾಮ್ಯಾಕ್ಸ್ ಯಂತ್ರವಿದ್ದ ಮನೆಗಳಿಗಿಂತ ವಿ.ಎಚ್.ಎಸ್. ಯಂತ್ರವಿದ್ದ ಮನೆಗಳೇ ಹೆಚ್ಚಾಗಿದ್ದವು. ಕ್ಯಾಮೆರಾ ಎಷ್ಟೇ ಚೆನ್ನಾಗಿದ್ದರೂ ಅದರ ಬೆಲೆ ಕಟ್ಟುವುದು ಮನೆಯಲ್ಲಿರುವ ಇನ್ನೊಂದು ಯಂತ್ರ ಎಂಬ ಪಾಠ ಅಲ್ಲಿಗೇ ಶುರುವಾಯಿತು.

ಎರಡು ಪುಟ್ಟ ಕ್ಯಾಸೆಟ್ಟುಗಳ ಜಗಳ

ಕ್ಯಾಮೆರಾ ಚಿಕ್ಕದಾಗಬೇಕಾದರೆ ಕ್ಯಾಸೆಟ್ ಚಿಕ್ಕದಾಗಬೇಕು. ಇದಕ್ಕೆ ಎರಡು ದಾರಿಗಳಿದ್ದವು.

ಜೆ.ವಿ.ಸಿ. ಹಿಡಿದದ್ದು ಹಳೆಯ ದಾರಿಯನ್ನೇ ಚಿಕ್ಕದು ಮಾಡುವ ಉಪಾಯ. ವಿ.ಎಚ್.ಎಸ್. ಕ್ಯಾಸೆಟ್ಟಿನ ಅರ್ಧ ಅಂಗುಲದ ಟೇಪನ್ನೇ ಅಂಗೈಯಗಲದ ಡಬ್ಬಿಯಲ್ಲಿ ಸುತ್ತಿಟ್ಟರು. ಅದೇ ವಿ.ಎಚ್.ಎಸ್.-ಸಿ. ಚಿತ್ರ ಬರೆಯುವ ತಿರುಗುವ ಉರುಳೆಯ ವ್ಯಾಸವನ್ನು 62 ಮಿ.ಮೀ.ನಿಂದ ಸುಮಾರು 41 ಮಿ.ಮೀ.ಗೆ ಇಳಿಸಿ, ಟೇಪನ್ನು ಅದರ ಸುತ್ತ ಅರ್ಧದ ಬದಲು ಮುಕ್ಕಾಲು ಸುತ್ತು ಬಳಸಿದರು. ಹಾಗಾಗಿ ಟೇಪಿನ ಮೇಲೆ ಮೂಡುವ ಗೆರೆಗಳು ದೊಡ್ಡ ಯಂತ್ರದ ಗೆರೆಗಳಂತೆಯೇ ಇದ್ದವು. ಪುಟ್ಟ ಕ್ಯಾಸೆಟ್ಟನ್ನು ದೊಡ್ಡ ಕ್ಯಾಸೆಟ್ಟಿನ ಆಕಾರದ ಅಡಾಪ್ಟರ್‌ನೊಳಗೆ ಕೂರಿಸಿದರೆ ಮನೆಯ ವಿ.ಸಿ.ಆರ್.ನಲ್ಲೇ ನೋಡಬಹುದು. 1984ರಲ್ಲಿ ಬಂದ ಈ ಬಗೆಯ ಜಿ.ಆರ್.-ಸಿ1 ಕ್ಯಾಮೆರಾ ಮರುವರ್ಷ ‘ಬ್ಯಾಕ್ ಟು ದಿ ಫ್ಯೂಚರ್’ ಎಂಬ ಹಾಲಿವುಡ್ ಚಿತ್ರದಲ್ಲೂ ಕಾಣಿಸಿಕೊಂಡಿತು. ಇದ್ದ ಕೊರತೆ ಒಂದೇ, ಸಮಯ. ಅಮೆರಿಕ, ಜಪಾನುಗಳಲ್ಲಿ ಒಂದು ಕ್ಯಾಸೆಟ್ಟಿಗೆ 20 ನಿಮಿಷ, ಭಾರತದಂಥ ದೇಶಗಳಲ್ಲಿ 30 ನಿಮಿಷ.

ಇನ್ನೊಂದು ದಾರಿ ಪೂರಾ ಹೊಸದು. ನೂರಕ್ಕೂ ಹೆಚ್ಚು ಕಂಪನಿಗಳು ಕೂಡಿ ಒಪ್ಪಿದ ‘ವಿಡಿಯೋ 8’ ಎಂಬ ಮಾದರಿಯಲ್ಲಿ ಟೇಪಿನ ಅಗಲ 8 ಮಿ.ಮೀ. ಮಾತ್ರ. ಕ್ಯಾಸೆಟ್ಟಿನ ಗಾತ್ರ ಹೆಚ್ಚುಕಡಿಮೆ ಹಾಡಿನ ಕ್ಯಾಸೆಟ್ಟಿನಷ್ಟು. ಲೇಪನಕ್ಕೆ ಲೋಹದ ಕಣಗಳನ್ನು ಬಳಸಿದ್ದರಿಂದ ಅಷ್ಟು ಸಣ್ಣ ಟೇಪಿನಲ್ಲೂ ವಿ.ಎಚ್.ಎಸ್.ಗೆ ಸರಿಸಮನಾದ ಚಿತ್ರ, ಅದಕ್ಕಿಂತ ಒಳ್ಳೆಯ ಧ್ವನಿ, ಒಂದೂವರೆ ಗಂಟೆ ಸಮಯ. ಫಿಲ್ಮಿನ ಕಂಪನಿಯಾದ ಕೊಡಾಕೇ 1984ರಲ್ಲಿ ಈ ಬಗೆಯ ಕ್ಯಾಮೆರಾವನ್ನು ಪ್ರಕಟಿಸಿತು. ಸೋನಿ 1985ರಲ್ಲಿ ತನ್ನ ಮೊದಲ ‘ಹ್ಯಾಂಡಿಕ್ಯಾಮ್’ ತಂದಿತು. ಆ ಕಂಪನಿ 1989ರಲ್ಲಿ ತಂದ ಟಿ.ಆರ್.55 ಮಾದರಿಯ ತೂಕ 790 ಗ್ರಾಂ. ಪಾಸ್‌ಪೋರ್ಟ್ ಪುಸ್ತಕದಷ್ಟೇ ಗಾತ್ರ ಎಂದು ಜಾಹೀರಾತು ಕೊಟ್ಟರು. ಎತ್ತರ ಅಗಲಗಳ ಮಟ್ಟಿಗೆ ಆ ಮಾತು ಸುಳ್ಳಲ್ಲ, ದಪ್ಪದ ಲೆಕ್ಕ ಮಾತ್ರ ಬೇರೆ!

ಯಾವುದು ಮೇಲು? ಕಾಗದದ ಮೇಲೆ ವಿ.ಎಚ್.ಎಸ್.-ಸಿ. ಗೆಲ್ಲಬೇಕಿತ್ತು, ಏಕೆಂದರೆ ಮನೆಯ ವಿ.ಸಿ.ಆರ್. ಅದರ ಕಡೆಗಿತ್ತು. ಆದರೆ ಬಳಸಿದವರಿಗೆ ಬೇರೆಯೇ ಒಂದು ಸಂಗತಿ ತಿಳಿಯಿತು. ಕ್ಯಾಮೆರಾದಿಂದಲೇ ಟಿ.ವಿ.ಗೆ ಒಂದು ತಂತಿ ಜೋಡಿಸಿದರೆ ಚಿತ್ರ ಬರುತ್ತದೆ, ಅಡಾಪ್ಟರೂ ಬೇಡ, ವಿ.ಸಿ.ಆರ್. ಕೂಡ ಬೇಡ. ಶಾಲೆಯ ವಾರ್ಷಿಕೋತ್ಸವದ ನಡುವೆ ಎದ್ದು ಕ್ಯಾಸೆಟ್ ಬದಲಿಸುವ ಕಷ್ಟವೂ ಇಲ್ಲ. ತೊಂಬತ್ತರ ದಶಕದಲ್ಲಿ 8 ಮಿ.ಮೀ. ಕೈ ಮೇಲಾಯಿತು. ಅಂದು ಅದನ್ನು ಮೆಚ್ಚಿಸಿದ ಗುಣವೇ, ಅಂದರೆ ಕ್ಯಾಮೆರಾ ಬಿಟ್ಟು ಬೇರೆ ಯಂತ್ರ ಬೇಡವೆಂಬ ಗುಣವೇ, ಮುಂದೆ ಅದಕ್ಕೆ ಮುಳುವಾಯಿತು. ಆ ಮಾತು ಕೊನೆಗೆ.

ಗೆರೆ, ಲಕ್ಸ್, ಜೂಮ್

ಕ್ಯಾಮೆರಾಗಳನ್ನು ಹೋಲಿಸುವವರು ಮೊದಲು ನೋಡುತ್ತಿದ್ದುದು ಗೆರೆಗಳ ಸಂಖ್ಯೆ. ಪಕ್ಕಪಕ್ಕದಲ್ಲಿ ನಿಲ್ಲಿಸಿದ ಸಣ್ಣ ಕಡ್ಡಿಗಳನ್ನು ಕ್ಯಾಮೆರಾ ಎಷ್ಟರ ಮಟ್ಟಿಗೆ ಬೇರೆಬೇರೆಯಾಗಿ ತೋರಿಸಬಲ್ಲದು ಎಂಬುದರ ಅಳತೆ ಇದು. ವಿ.ಎಚ್.ಎಸ್. ಮತ್ತು ವಿಡಿಯೋ 8 ಎರಡರಲ್ಲೂ ಇದು ಸುಮಾರು 240ರ ಆಸುಪಾಸು. 1987ರ ಸೂಪರ್ ವಿ.ಎಚ್.ಎಸ್. ಹಾಗೂ 1989ರ ಹೈ 8 ಮಾದರಿಗಳಲ್ಲಿ ಇದು 400ಕ್ಕೆ ಏರಿತು. ಬಣ್ಣದ ಕಥೆ ಮಾತ್ರ ಬೇರೆ. ಸಾಮಾನ್ಯ ವಿ.ಎಚ್.ಎಸ್.ನಲ್ಲಿ ಬಣ್ಣಕ್ಕೆ ಸಿಗುತ್ತಿದ್ದ ಜಾಗ ಬಹಳ ಕಡಿಮೆ. ಅದರಿಂದಲೇ ಹಳೆಯ ಮದುವೆ ಕ್ಯಾಸೆಟ್ಟುಗಳಲ್ಲಿ ಕೆಂಪು ಸೀರೆಯ ಬಣ್ಣ ಅಂಚು ದಾಟಿ ಪಕ್ಕದವರ ಮೇಲೆ ಚೆಲ್ಲಿದಂತೆ ಕಾಣುವುದು.

ಎರಡನೆಯದು ಕಣ್ಣು. ಮೊದಲ ಕ್ಯಾಮೆರಾಗಳ ಕಣ್ಣು ಗಾಜಿನ ಕೊಳವೆ. ಸೂರ್ಯನತ್ತ ತಿರುಗಿಸಿದರೆ ಅದು ಸುಟ್ಟು ಕಲೆ ಉಳಿಯುತ್ತಿತ್ತು. ಆರತಿಯ ದೀಪ ಅಲುಗಿದರೆ ಪರದೆಯ ಮೇಲೆ ಬೆಳಕಿನ ಬಾಲ ಎಳೆಯುತ್ತಿತ್ತು. ಎಂಬತ್ತರ ದಶಕದಲ್ಲಿ ಆ ಜಾಗಕ್ಕೆ ಬಂದ ಸಿ.ಸಿ.ಡಿ. ಎಂಬ ಸಿಲಿಕಾನ್ ಬಿಲ್ಲೆ ಈ ಎರಡು ತೊಂದರೆಗಳನ್ನೂ ಬಹುಮಟ್ಟಿಗೆ ಕಳೆಯಿತು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಕಂಡುಹಿಡಿದ ಈ ಬಿಲ್ಲೆಗೆ 2009ರಲ್ಲಿ ನೊಬೆಲ್ ಪಾರಿತೋಷಕದ ಗೌರವ ದೊರೆಯಿತು.

ಮೂರನೆಯದು ಲಕ್ಸ್. ಒಂದು ಮೇಣದ ಬತ್ತಿಯ ಬೆಳಕು ಒಂದು ಮೀಟರ್ ದೂರದಲ್ಲಿ ಬೀಳುವಷ್ಟು ಪ್ರಮಾಣವೇ ಹೆಚ್ಚುಕಡಿಮೆ ಒಂದು ಲಕ್ಸ್. ಕೆಲವೇ ಲಕ್ಸ್ ಬೆಳಕು ಸಾಕು ಎಂದು ಕಂಪನಿಗಳು ಪೈಪೋಟಿಯಿಂದ ಅಚ್ಚು ಹಾಕಿಸಿದವು. ಅಷ್ಟು ಬೆಳಕಿನಲ್ಲಿ ಚಿತ್ರ ಬರುತ್ತಿದ್ದುದು ನಿಜ. ಬಣ್ಣ ಸತ್ತು, ಮರಳು ಎರಚಿದಂತಾದ ಆ ಚಿತ್ರದಲ್ಲಿ ಮುಖದ ಗುರುತು ಸಿಗುತ್ತದೆಯೇ ಎಂಬುದನ್ನು ಯಾರೂ ಅಚ್ಚು ಹಾಕಿಸಲಿಲ್ಲ. ಜೂಮ್ ವಿಷಯವೂ ಹೀಗೆಯೇ. ಮಸೂರಗಳನ್ನು ಸರಿಸಿ ದೂರದ್ದನ್ನು ಹತ್ತಿರ ತರುವುದು ನಿಜವಾದ ಜೂಮ್. ಅದು ಸಾಮಾನ್ಯವಾಗಿ ಹತ್ತು ಇಪ್ಪತ್ತು ಪಟ್ಟು. ತೊಂಬತ್ತರ ದಶಕದ ಕೊನೆಗೆ ಡಬ್ಬಿಗಳ ಮೇಲೆ ನೂರಾರು ಪಟ್ಟಿನ ‘ಡಿಜಿಟಲ್ ಜೂಮ್’ ಕಾಣಿಸಿಕೊಂಡಿತು. ಇದು ಇದ್ದ ಚಿತ್ರವನ್ನೇ ಹಿಗ್ಗಿಸುವುದು ಮಾತ್ರ. ಹಿಟ್ಟು ಅಷ್ಟೇ, ರೊಟ್ಟಿ ತಟ್ಟಿದಷ್ಟೂ ತೆಳು.

ಅಂಕಿಗಳಲ್ಲಿ ಹೇಳಲಾಗದ ಗುಣಗಳೇ ಅನೇಕ ವೇಳೆ ಹೆಚ್ಚು ಉಪಯೋಗಕ್ಕೆ ಬಂದವು. ಕೈ ನಡುಗಿದರೂ ಚಿತ್ರವನ್ನು ಸ್ಥಿರವಾಗಿಡುವ ವ್ಯವಸ್ಥೆ ಅಂಥದೊಂದು. 1992ರಲ್ಲಿ ಶಾರ್ಪ್ ಕಂಪನಿ ತಂದ ‘ವ್ಯೂಕ್ಯಾಮ್’ನ ಬಣ್ಣದ ಪರದೆ ಇನ್ನೊಂದು. ಅಲ್ಲಿಯವರೆಗೆ ಒಂದು ಕಣ್ಣು ಮುಚ್ಚಿ ಕಿಂಡಿಯಲ್ಲಿ ಇಣುಕುತ್ತಿದ್ದವರು, ಮಗುವಿನ ಮುಖ ನೋಡುತ್ತ ನಗುತ್ತಲೇ ಚಿತ್ರ ತೆಗೆಯುವಂತಾಯಿತು.

ಮದುವೆ ಮನೆಯ ಲೆಕ್ಕ

ಭಾರತದಲ್ಲಿ ಬಣ್ಣದ ಟಿ.ವಿ. ಬಂದದ್ದೇ 1982ರಲ್ಲಿ, ಏಷ್ಯಾಡ್ ಕ್ರೀಡಾಕೂಟದ ವರ್ಷ. ವಿ.ಸಿ.ಆರ್. ಮತ್ತು ವಿಡಿಯೋ ಲೈಬ್ರರಿಗಳು ಅದರ ಬೆನ್ನಿಗೇ ಬಂದವು. ವಿಡಿಯೋ ಕ್ಯಾಮೆರಾ ಕೊಳ್ಳುವುದು ಮಧ್ಯಮವರ್ಗದ ಕೈಗೆ ನಿಲುಕದ ಮಾತಾಗಿತ್ತು. ಹಾಗಾಗಿ ಜಪಾನಿನಲ್ಲಿ ತಂದೆತಾಯಿಗಳು ಮಕ್ಕಳನ್ನು ಚಿತ್ರೀಕರಿಸಲೆಂದು ತಯಾರಾದ ಯಂತ್ರ, ಇಲ್ಲಿ ಮದುವೆ ಸ್ಟುಡಿಯೋದವರ ಹೊಟ್ಟೆಪಾಡಿನ ಸಾಧನವಾಯಿತು. ಅವರ ಲೆಕ್ಕಾಚಾರವೇ ಬೇರೆ. ಹಗುರವಾದ ಪುಟ್ಟ ಕ್ಯಾಮೆರಾ ಅವರಿಗೆ ಬೇಡ. ಹೆಗಲ ಮೇಲೆ ಅಲುಗದೆ ಕೂರುವ, ಮೂರು ಗಂಟೆಯ ಪೂರ್ಣ ಗಾತ್ರದ ವಿ.ಎಚ್.ಎಸ್. ಕ್ಯಾಸೆಟ್ ನುಂಗುವ ದೊಡ್ಡ ಕ್ಯಾಮೆರಾವೇ ಬೇಕು. ಮುಹೂರ್ತ ಕ್ಯಾಸೆಟ್ ಬದಲಾಯಿಸುವವರೆಗೆ ಕಾಯುವುದಿಲ್ಲವಲ್ಲ! ಜತೆಗೆ ಕ್ಯಾಸೆಟ್ಟನ್ನು ಗಿರಾಕಿಯ ಕೈಗಿತ್ತರೆ ಅವರ ಮನೆಯ ಯಂತ್ರದಲ್ಲೋ ಬಾಡಿಗೆಗೆ ತಂದ ಯಂತ್ರದಲ್ಲೋ ಅದು ಓಡಬೇಕು.

ಅಮೆರಿಕದಲ್ಲಿದ್ದ ಮಗಳು ಮೊಮ್ಮಗುವಿನ ನಾಮಕರಣದ ಕ್ಯಾಸೆಟ್ ಕಳಿಸಿದಾಗ ಇನ್ನೊಂದು ತೊಡಕು. ಅಮೆರಿಕದ ಟಿ.ವಿ. ಪದ್ಧತಿ ಎನ್.ಟಿ.ಎಸ್.ಸಿ.; ಅದರಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಭಾರತದ್ದು ಪಾಲ್; 625 ಗೆರೆ, 25 ಚಿತ್ರ. ಕ್ಯಾಸೆಟ್ಟಿನ ಗಾತ್ರ, ಹೆಸರು, ಟೇಪು ಎಲ್ಲ ಒಂದೇ ಆದರೂ ಇಲ್ಲಿಯ ಸಾಮಾನ್ಯ ಯಂತ್ರದಲ್ಲಿ ಚಿತ್ರ ಮೂಡದು. ಎರಡೂ ಪದ್ಧತಿ ಬಲ್ಲ ಯಂತ್ರ ಯಾರ ಮನೆಯಲ್ಲಿದೆ ಎಂದು ಹುಡುಕಬೇಕು. ಕ್ಯಾಮೆರಾದ ಗುಣಪಟ್ಟಿಯಲ್ಲಿ ಎಲ್ಲೋ ಮೂಲೆಯಲ್ಲಿದ್ದ ನಾಲ್ಕು ಅಕ್ಷರ, ಅಜ್ಜಿ ಮೊಮ್ಮಗುವನ್ನು ನೋಡುತ್ತಾಳೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತಿತ್ತು.

ಮಸುಕು ಚಿತ್ರದ ಬೆಲೆ

ಚಿತ್ರದ ಗುಣಮಟ್ಟವೇ ಚಿತ್ರದ ಬೆಲೆಯಲ್ಲ ಎಂಬುದನ್ನು ಜಗತ್ತಿಗೆ ತೋರಿಸಿದ ಘಟನೆ ನಡೆದದ್ದು ಮಾರ್ಚ್ 3, 1991ರಂದು, ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ. ನಡುರಾತ್ರಿ ಕಳೆದ ಮೇಲೆ ಗದ್ದಲಕ್ಕೆ ಎಚ್ಚೆತ್ತ ಜಾರ್ಜ್ ಹಾಲಿಡೇ ಎಂಬುವರು ತಮ್ಮ ಮನೆಯ ಬಾಲ್ಕನಿಗೆ ಬಂದರು. ಎದುರಿನ ರಸ್ತೆಯಲ್ಲಿ ಪೊಲೀಸರು ರಾಡ್ನಿ ಕಿಂಗ್ ಎಂಬ ಕರಿಯ ಯುವಕನನ್ನು ಲಾಠಿಗಳಿಂದ ಬಡಿಯುತ್ತಿದ್ದರು. ಹಾಲಿಡೇ ತಮ್ಮ ಸೋನಿ ಹ್ಯಾಂಡಿಕ್ಯಾಮ್‌ನಲ್ಲಿ ಅದನ್ನು ಚಿತ್ರೀಕರಿಸಿ ಕ್ಯಾಸೆಟ್ಟನ್ನು ಸ್ಥಳೀಯ ಟಿ.ವಿ. ಕೇಂದ್ರಕ್ಕೆ ಕೊಟ್ಟರು. ದೂರದ ದೃಶ್ಯ, ಬೀದಿದೀಪದ ಮತ್ತು ವಾಹನಗಳ ಬೆಳಕು, ನಡುಗುವ ಕೈ, ಕೆಲವು ಕ್ಷಣ ಪೂರ್ತಿ ಮಸುಕು. ಯಾವ ಅಳತೆಗೋಲಿನಲ್ಲೂ ಅದು ಒಳ್ಳೆಯ ಚಿತ್ರವಲ್ಲ. ಆದರೆ ಜಗತ್ತೇ ಅದನ್ನು ನೋಡಿತು. 1992ರ ಏಪ್ರಿಲ್ 29ರಂದು ಜ್ಯೂರಿ ನಾಲ್ವರು ಪೊಲೀಸರಲ್ಲಿ ಯಾರನ್ನೂ ತಪ್ಪಿತಸ್ಥರೆನ್ನದಿದ್ದಾಗ ಭುಗಿಲೆದ್ದ ಗಲಭೆಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. 1993ರಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ಇಬ್ಬರು ಪೊಲೀಸರು ತಪ್ಪಿತಸ್ಥರೆಂದು ತೀರ್ಮಾನವಾಯಿತು.

ಮನೆಯ ಹುಟ್ಟುಹಬ್ಬಕ್ಕೆಂದು ಮಾಡಿದ ಯಂತ್ರ ಸಾಕ್ಷಿ ಹೇಳಬಲ್ಲದು ಎಂದು ಅದನ್ನು ತಯಾರಿಸಿದವರೂ ಎಣಿಸಿರಲಾರರು. ಆ ಹೊತ್ತಿಗೆ ಕೈಯಲ್ಲಿತ್ತು ಎಂಬುದೇ ಆ ಕ್ಯಾಮೆರಾದ ದೊಡ್ಡ ಗುಣವಾಗಿತ್ತು.

ಅಂಕೆಗಳ ಕಾಲ

1995ರಲ್ಲಿ ಹಳೆಯ ಜಗಳ ಮುಗಿಯಿತು. ಸೋನಿ, ಪ್ಯಾನಸಾನಿಕ್, ಜೆ.ವಿ.ಸಿ. ಎಲ್ಲವೂ ‘ಡಿ.ವಿ.’ ಎಂಬ ಒಂದೇ ಡಿಜಿಟಲ್ ಮಾದರಿಯ ಕ್ಯಾಮೆರಾಗಳನ್ನು ತಂದವು. ಟೇಪಿನ ಅಗಲ ಕಾಲು ಅಂಗುಲ, ಕ್ಯಾಸೆಟ್ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಒಂದು ಗಂಟೆ ಸಮಯ, ಸುಮಾರು 500 ಗೆರೆ. ಅದಕ್ಕಿಂತ ದೊಡ್ಡ ಲಾಭ ಪ್ರತಿಯದು. ಹಳೆಯ ಟೇಪುಗಳಲ್ಲಿ ಪ್ರತಿಯ ಪ್ರತಿ ತೆಗೆದಂತೆಲ್ಲ ಚಿತ್ರ ಮಾಸುತ್ತಿತ್ತು. ಇಲ್ಲಿ ಅಂಕೆಗಳನ್ನೇ ನಕಲು ಮಾಡುವುದರಿಂದ ಪ್ರತಿ ಮೂಲದಂತೆಯೇ ಇರುತ್ತದೆ. ಕಂಪ್ಯೂಟರಿಗೆ ಜೋಡಿಸಿ ಸಂಕಲನವನ್ನೂ ಮಾಡಬಹುದು. ಡೆನ್ಮಾರ್ಕಿನ ಥಾಮಸ್ ವಿಂಟರ್‌ಬರ್ಗ್ 1998ರಲ್ಲಿ ತಮ್ಮ ‘ಫೆಸ್ಟೆನ್’ ಚಿತ್ರವನ್ನು ಇಂಥ ಪುಟ್ಟ ಗೃಹಬಳಕೆಯ ಕ್ಯಾಮೆರಾದಿಂದಲೇ ತೆಗೆದು ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದರು.

ಮುಂದಿನ ಹತ್ತು ವರ್ಷಗಳಲ್ಲಿ ಡಿ.ವಿ.ಡಿ., ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡುಗಳು ಒಂದರ ಹಿಂದೊಂದು ಬಂದು ಟೇಪನ್ನು ಹೊರದೂಡಿದವು. 2007ರಲ್ಲಿ ‘ಫ್ಲಿಪ್’ ಎಂಬ ಅಗ್ಗದ ಕ್ಯಾಮೆರಾ ಬಂತು. ಹೇಳಿಕೊಳ್ಳುವಂಥ ಸೌಲಭ್ಯವೇನೂ ಇಲ್ಲ, ಒಂದು ಕೆಂಪು ಗುಂಡಿ, ಒತ್ತಿದರೆ ಚಿತ್ರ. ಉದ್ದುದ್ದ ಗುಣಪಟ್ಟಿಗಳ ನಡುವೆ ಆ ಗುಂಡಿಯೇ ಗೆದ್ದಿತು. 2009ರಲ್ಲಿ ಸಿಸ್ಕೋ ಕಂಪನಿ ಅದನ್ನು 59 ಕೋಟಿ ಡಾಲರಿಗೆ ಕೊಂಡು 2011ರಲ್ಲಿ ಮುಚ್ಚಿಬಿಟ್ಟಿತು. ಅಷ್ಟರಲ್ಲಿ ವಿಡಿಯೋ ತೆಗೆಯುವ ಮೊಬೈಲ್ ಫೋನು ಜನರ ಜೇಬು ಸೇರಿತ್ತು. ಗೃಹಬಳಕೆಯ ಕ್ಯಾಮ್‌ಕಾರ್ಡರ್ ಕಥೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು.

ಯಾರೂ ಕೇಳದ ಪ್ರಶ್ನೆ

ಉಳಿದದ್ದು ಕ್ಯಾಸೆಟ್ಟುಗಳು. ಸೂಪರ್ 8 ಫಿಲ್ಮನ್ನು ಇಂದಿಗೂ ಕಿಟಕಿಯ ಬೆಳಕಿಗೆ ಹಿಡಿದರೆ ಚಿತ್ರ ಕಣ್ಣಿಗೆ ಕಾಣುತ್ತದೆ. ಟೇಪಿನಲ್ಲಿ ಹಾಗಲ್ಲ. ಯಂತ್ರವಿಲ್ಲದಿದ್ದರೆ ಅದು ಕಂದು ಬಣ್ಣದ ಪ್ಲಾಸ್ಟಿಕ್ ಪಟ್ಟಿ, ಅಷ್ಟೇ. ಸೋನಿ 2016ರ ಮಾರ್ಚಿನಲ್ಲಿ ಬೀಟಾಮ್ಯಾಕ್ಸ್ ಕ್ಯಾಸೆಟ್ ಮಾರಾಟ ನಿಲ್ಲಿಸಿತು. ಅದೇ ವರ್ಷದ ಜುಲೈನಲ್ಲಿ ಜಪಾನಿನ ಫುನಾಯ್ ಕಂಪನಿ ವಿ.ಸಿ.ಆರ್. ತಯಾರಿಕೆಯನ್ನು ಕೈಬಿಟ್ಟಿತು. ಆಸ್ಟ್ರೇಲಿಯದ ರಾಷ್ಟ್ರೀಯ ಫಿಲ್ಮ್ ಮತ್ತು ಧ್ವನಿ ಭಂಡಾರ 2015ರಲ್ಲೇ ಒಂದು ಎಚ್ಚರಿಕೆ ಕೊಟ್ಟಿತ್ತು: 2025ರೊಳಗೆ ಡಿಜಿಟಲ್ ರೂಪಕ್ಕೆ ಬಾರದ ಟೇಪುಗಳು ಬಹುಪಾಲು ಕಳೆದುಹೋದಂತೆ. ಆ ಗಡುವಿನ ವರ್ಷವೂ ಬಂದಾಯಿತು.

ಇಲ್ಲಿ ಹಳೆಯ ಹೋಲಿಕೆಯ ಲೆಕ್ಕ ತಲೆಕೆಳಗಾಗುತ್ತದೆ. ಅಂದು ಹಿಂದುಳಿದ ವಿ.ಎಚ್.ಎಸ್.-ಸಿ. ಕ್ಯಾಸೆಟ್ಟಿಗೆ ಒಂದು ಅಡಾಪ್ಟರ್ ಮತ್ತು ಎಲ್ಲಾದರೂ ಕೆಲಸ ಮಾಡುವ ವಿ.ಸಿ.ಆರ್. ಸಿಕ್ಕರೆ ಸಾಕು. ಗೆದ್ದ 8 ಮಿ.ಮೀ. ಕ್ಯಾಸೆಟ್ಟಿಗೆ ಅದೇ ಜಾತಿಯ ಕ್ಯಾಮೆರಾವೇ ಬೇಕು; ಅದರ ರಬ್ಬರ್ ಪಟ್ಟಿ, ಗಾಲಿಗಳು ಸವೆದಿದ್ದರೆ ಬಿಡಿಭಾಗ ಸಿಗದು. ಎಲ್ಲಕ್ಕಿಂತ ಮೇಲೆನಿಸಿದ ಡಿ.ವಿ. ಕ್ಯಾಮೆರಾದ ತಂತಿಯನ್ನು ಸಿಕ್ಕಿಸುವ ಕಿಂಡಿಯೇ ಈಗಿನ ಕಂಪ್ಯೂಟರುಗಳಲ್ಲಿ ಇಲ್ಲ.

ಟೇಪಿನ ಶತ್ರುಗಳು ಬಿಸಿಲು ಮತ್ತು ತೇವ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಅದರ ಮೇಲೆ ಬಿಳಿ ಬೂಷ್ಟು ಹತ್ತುವುದು ಸಾಮಾನ್ಯ. ಅಂಥ ಟೇಪನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಯಂತ್ರವೂ ಹೊಲಸಾಗಿ, ಮುಂದೆ ಹಾಕಿದ ಟೇಪಿಗೂ ಅದು ಹತ್ತಬಹುದು. ಮೊದಲು ಶುಚಿ ಮಾಡಿಸಬೇಕು. ಚೆನ್ನಾಗಿರುವ ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚೂರನ್ನು ಮುರಿದರೆ ಅದರ ಮೇಲೆ ಮತ್ತೇನೂ ದಾಖಲಾಗದು. ತೊಂಬತ್ತರ ದಶಕದ ಕೊನೆಗೆ ಅನೇಕರು ಮದುವೆ ಕ್ಯಾಸೆಟ್ಟನ್ನು ವಿ.ಸಿ.ಡಿ.ಗೆ ಇಳಿಸಿ ಮೂಲವನ್ನು ಎಸೆದರು. ಆ ತಟ್ಟೆಗೆ ಹಿಡಿದದ್ದು ಕುಗ್ಗಿಸಿದ ಚಿತ್ರ, ಮೂಲದಲ್ಲಿದ್ದುದೆಲ್ಲ ಅದರಲ್ಲಿಲ್ಲ. ಪ್ರತಿ ಮಾಡಿಸಿದ ಮೇಲೂ ಮೂಲವನ್ನು ಇಟ್ಟುಕೊಳ್ಳುವುದು, ಪ್ರತಿಯನ್ನು ಎರಡು ಕಡೆ ಇಡುವುದು ಕ್ಷೇಮ.

ಈ ಮಾತು ಟೇಪಿಗೆ ಮಾತ್ರ ಸೀಮಿತವಲ್ಲ. ಇಂದು ಫೋನುಗಳನ್ನು ಹೋಲಿಸುವವರೂ ಕ್ಯಾಮೆರಾದ ಅಂಕಿಗಳನ್ನೇ ನೋಡುತ್ತಾರೆ. ಫೋನು ಕೆಟ್ಟಾಗಲೋ ಕಳೆದಾಗಲೋ ಅದರೊಳಗಿನ ಚಿತ್ರಗಳ ಗತಿ ಏನು ಎಂಬುದು ಆ ಅಂಕಿಗಳಲ್ಲಿ ಇರುವುದಿಲ್ಲ. ಎಂಬತ್ತರ ದಶಕದ ಅಪ್ಪ ಅಂಗಡಿಯಲ್ಲಿ ನಿಂತು ಮಾಡಿದ ಲೆಕ್ಕವೂ ತಪ್ಪಾಗಿರಲಿಲ್ಲ, ಅಪೂರ್ಣವಾಗಿತ್ತು, ಅಷ್ಟೇ. ಬೀರುವಿನ ಕೆಳಖಾನೆಯ ಕ್ಯಾಸೆಟ್ಟಿನಲ್ಲಿ 240 ಗೆರೆಗಳಿವೆಯೋ 400 ಇವೆಯೋ ಎಂಬುದು ಈಗ ಯಾರಿಗೂ ಮುಖ್ಯವಲ್ಲ. ಅಜ್ಜ ಇನ್ನೂ ಅದರೊಳಗೆ ಇದ್ದಾರೆಯೇ ಎಂಬುದೇ ಮುಖ್ಯ. ಅದನ್ನು ನೋಡಿ ತಿಳಿಯಲು ಇನ್ನು ಹೆಚ್ಚು ಮಳೆಗಾಲಗಳು ಉಳಿದಿಲ್ಲ.